ಪೀಕ್ ಮುಗಿದ ಕಾಡಿಗೆ ಬಿ+ಡಬ್ಲ್ಯೂ ಕೇಸಮನ್ ಎಚ್‌ಟಿಸಿ ಪೋಲರೈಸರ್ ಹೇಗಿದೆ?

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ ಫಾಲ್ ಕಲರ್ಸ್, ಅಂದರೆ ಚಳಿಗಾಲಕ್ಕೆ ಮುಂಚೆ ಎಲೆಗಳು ಬಣ್ಣ ತಿರುಗುವುದನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಹಿಡಿಯುವುದು ಅಕ್ಟೋಬರ್ ಎರಡನೇ ಸೋಮವಾರದ ಲಾಂಗ್ ವೀಕೆಂಡನ್ನು. ಬಾಸ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳೂ ಇದಕ್ಕೆ ಹೊರತಲ್ಲ. ಆ ಮೂರು ದಿನ ನ್ಯೂ ಹ್ಯಾಂಪ್‌ಷೈರಿನ ಕಾಂಕಮಾಗಸ್ ಹೆದ್ದಾರಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಒಂದೆರಡು ವಾರ ಕಳೆದು ಹೋದರೆ ಅದೇ ರಸ್ತೆ ಖಾಲಿ ಹೊಡೆಯುತ್ತಿರುತ್ತದೆ. ಬಣ್ಣ ತುಂಬಿ ನಿಲ್ಲುವ ವಾರವೇ ಪೀಕ್. ‘ಪೀಕ್ ಮುಗೀತು, ಇನ್ನೇನು ಇಲ್ಲ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಫೋಟೋ ತೆಗೆಯುವವರು ಇದನ್ನು ನಂಬಬೇಕಾಗಿಲ್ಲ. ಕೆಂಪು ಮೇಪಲ್, ಶುಗರ್ ಮೇಪಲ್‌ಗಳು ಬೋಳಾಗಿರುತ್ತವೆ, ನಿಜ. ಆದರೆ ಬೀಚ್ ಮರದ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ ಕೊಂಬೆಯಲ್ಲೇ ಇರುತ್ತದೆ, ಕೆಳಗಿನ ಎತ್ತರದಲ್ಲಿ ಓಕ್ ಕಂದುಗೆಂಪಾಗುತ್ತದೆ, ಉದುರಿದ್ದೆಲ್ಲ ನೆಲದ ಮೇಲೆ, ಬಂಡೆಯ ಮೇಲೆ, ಹೊಳೆಯಲ್ಲಿ ಹಾಸಿರುತ್ತದೆ.

ಪೀಕ್ ವಾರದಲ್ಲಿ ಫೋನು ಎತ್ತಿ ಒತ್ತಿದರೂ ಚಿತ್ರ ಬರುತ್ತದೆ. ಪೀಕ್ ಮುಗಿದ ಮೇಲೆ ಹಾಗಲ್ಲ. ಬಣ್ಣ ಮರದಿಂದ ಇಳಿದು ನೆಲಕ್ಕೆ ಬಂದಿರುತ್ತದೆ, ನೆಲ ಒದ್ದೆಯಾಗಿರುತ್ತದೆ, ಒದ್ದೆ ಎಲೆಯ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಕಣ್ಣು ಆ ಹೊಳಪನ್ನು ಹೇಗೋ ದಾಟಿ ಕೆಂಪನ್ನು ಕಾಣುತ್ತದೆ, ಕ್ಯಾಮೆರಾ ದಾಟುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಸ್ಯಾಚುರೇಶನ್ ಏರಿಸಿದರೂ ಪ್ರಯೋಜನವಿಲ್ಲ. ಹೊಳಪಿನ ಕೆಳಗಿನ ಬಣ್ಣ ಫೈಲಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಲೆನ್ಸಿನ ಮುಂದೆ ಕೂತು ಇಂಥ ಹೊಳಪನ್ನು ಕತ್ತರಿಸುವ ಗಾಜು ಪೋಲರೈಸರ್; ಅದರ ಕೆಲಸವನ್ನು ಎಡಿಟಿಂಗಿನಲ್ಲಿ ನಕಲು ಮಾಡಲಾಗದು ಎನ್ನುವುದು ಇದಕ್ಕೇ. ಈ ವಿಮರ್ಶೆ ಕೂಡ ಆ ಒಂದು ಕೆಲಸದ ದೃಷ್ಟಿಯಿಂದ. ನೀಲಿ ಆಕಾಶವನ್ನು ಗಾಢವಾಗಿಸುವುದು ಇಲ್ಲಿ ಮುಖ್ಯವಲ್ಲ.

ಬಿ+ಡಬ್ಲ್ಯೂ ಎನ್ನುವುದು ಜರ್ಮನಿಯ ಶ್ನೈಡರ್-ಕ್ರೋಯಿಟ್ಸ್‌ನಾಖ್ ಕಂಪನಿಯ ಫಿಲ್ಟರ್ ಬ್ರ್ಯಾಂಡ್. ಹಿಂದೆ ಎಕ್ಸ್‌ಎಸ್-ಪ್ರೊ ಚೌಕಟ್ಟಿನಲ್ಲಿ ಬರುತ್ತಿದ್ದ ಈ ಫಿಲ್ಟರ್ ಈಗ ಮಾಸ್ಟರ್ ಸರಣಿಯಲ್ಲಿ ಬರುತ್ತದೆ. ಪೆಟ್ಟಿಗೆಯ ಮೇಲಿನ ಉದ್ದದ ಹೆಸರಿನಲ್ಲಿ ನೋಡಬೇಕಾದ್ದು ಮೂರು. ಕೇಸಮನ್ ಎಂದರೆ ಎರಡು ಗಾಜುಗಳ ನಡುವೆ ಪೋಲರೈಸ್ ಮಾಡುವ ತೆಳು ಹಾಳೆಯನ್ನು ಅಂಟಿಸಿ, ಅಂಚಿನ ಸುತ್ತ ತೇವ ಒಳಹೋಗದಂತೆ ಸೀಲ್ ಮಾಡಿದ್ದು. ಎಚ್‌ಟಿಸಿ ಎಂದರೆ ಬೆಳಕನ್ನು ಕಡಿಮೆ ತಿನ್ನುವ ಹಾಳೆ. ಎಂಆರ್‌ಸಿ ನ್ಯಾನೋ ಎಂದರೆ ನೀರು ನಿಲ್ಲದೆ ಜಾರಿಹೋಗುವ ಮೇಲಿನ ಲೇಪನ. ಚೌಕಟ್ಟು ಹಿತ್ತಾಳೆಯದು. ಬೆಲೆ ಗಾತ್ರದ ಮೇಲೆ ಹೋಗುತ್ತದೆ. ದೊಡ್ಡ ಗಾತ್ರದ್ದು ಅಗ್ಗವೇನಲ್ಲ. ಇದರ ಮೂರನೇ ಒಂದು ಭಾಗದ ಬೆಲೆಗೂ ಪೋಲರೈಸರ್ ಸಿಗುತ್ತದೆ, ಹಾಗಾಗಿ ಹೆಚ್ಚಿನ ದುಡ್ಡು ಎಲ್ಲಿ ವಸೂಲಾಗುತ್ತದೆ ಎಂದು ನೋಡಲೇಬೇಕು.

ಮೊದಲು ಬೆಳಕಿನ ಲೆಕ್ಕ. ಮೋಡ ಕವಿದ ಹಗಲಿನಲ್ಲಿ ಹೆಮ್ಲಾಕ್ ಮರಗಳ ನೆರಳಿನ ಹೊಳೆಯಂಚಿನಲ್ಲಿ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಎಫ್/8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟರೆ ಶಟರ್ ಸುಮಾರು 1/15 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಸಾಧಾರಣ ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕು ತಿನ್ನುತ್ತದೆ, ಎಚ್‌ಟಿಸಿ ಒಂದರಿಂದ ಒಂದೂವರೆ. ಅರ್ಧ, ಮುಕ್ಕಾಲು ಸ್ಟಾಪ್ ವ್ಯತ್ಯಾಸ ಏನು ಮಹಾ ಎನ್ನಿಸಬಹುದು. ಆದರೆ ಬೀಚ್ ಎಲೆ ಒಣಗಿ ಕಾಗದದಷ್ಟು ಹಗುರಾಗಿರುತ್ತದೆ, ಗಾಳಿಯೇ ಇಲ್ಲ ಎನ್ನಿಸುವ ಹೊತ್ತಿನಲ್ಲೂ ತೊಟ್ಟಿನಲ್ಲಿ ಅಲುಗುತ್ತಿರುತ್ತದೆ. ಅದನ್ನು ನಿಲ್ಲಿಸಲು ಕನಿಷ್ಠ 1/60 ಬೇಕು. ಎರಡು ಸ್ಟಾಪ್ ತಿನ್ನುವ ಫಿಲ್ಟರಿನಲ್ಲಿ ಅದಕ್ಕೆ ಐಎಸ್‌ಒ 1600ಕ್ಕೆ ಹೋಗಬೇಕು, ಎಚ್‌ಟಿಸಿಯಲ್ಲಿ 1000 ಸಾಕು. ಕಂದು, ತಾಮ್ರ, ಬೂದು ಬಣ್ಣಗಳ ಸೂಕ್ಷ್ಮ ಭೇದವೇ ಚಿತ್ರದ ಜೀವಾಳವಾಗಿರುವಾಗ ನಾಯ್ಸ್ (ಚಿತ್ರದ ಮರಳುಮರಳು ಚುಕ್ಕೆ) ಇಷ್ಟು ತಗ್ಗಿದರೂ ಲಾಭವೇ.

ಹೊಳೆಯ ವಿಷಯಕ್ಕೆ ಬಂದರೆ ಲೆಕ್ಕ ತಿರುವುಮುರುವು. ಅಲ್ಲಿ ಶಟರ್ ನಿಧಾನವೇ ಆಗಬೇಕು. ಅದೇ ಬೆಳಕಿನಲ್ಲಿ ಐಎಸ್‌ಒ 64, ಎಫ್/11, ಜೊತೆಗೆ ಈ ಫಿಲ್ಟರ್ ಹಾಕಿದರೆ ಶಟರ್ ಅರ್ಧ ಸೆಕೆಂಡಿಗೆ ಬರುತ್ತದೆ. ಹರಿಯುವ ನೀರಿನ ಗೆರೆಗಳು ಉಳಿದು, ನೊರೆ ಹಾಲಾಗದೆ ಇರುವ ವೇಗ ಅದು. ಎನ್‌ಡಿ ಫಿಲ್ಟರ್ (ಬೆಳಕನ್ನಷ್ಟೇ ತಗ್ಗಿಸುವ ಕಪ್ಪುಗಾಜು) ಬೇರೆ ಹೊತ್ತೊಯ್ಯುವ ಅಗತ್ಯವಿಲ್ಲ. ನಾಲ್ಕೈದು ಸೆಕೆಂಡ್ ಬಿಟ್ಟರೆ ನೀರಿನ ಮೇಲೆ ತೇಲುವ ಎಲೆಗಳು ಹಳದಿ ಗೀಟುಗಳಾಗುತ್ತವೆ. ಸುಳಿಯಲ್ಲಿ ಎಲೆ ಗಿರಕಿ ಹೊಡೆಯುವ ಕಡೆ ಮಾತ್ರ ಅದು ಚೆನ್ನ, ಉಳಿದ ಕಡೆ ಕೊಳಕು.

ಈಗ ಹತ್ತಿರದಿಂದ ನೋಡೋಣ. ಕಾಂಕಮಾಗಸ್ ಪಕ್ಕ ಹರಿಯುವ ಸ್ವಿಫ್ಟ್ ನದಿಯ ಒಂದು ಗ್ರಾನೈಟ್ ಬಂಡೆ, ಅರ್ಧ ನೀರಿನಲ್ಲಿದೆ. ಮೇಲೆ ಒಂದು ಕೆಂಪು ಮೇಪಲ್ ಎಲೆ ಅಂಗಾತ ಬಿದ್ದಿದೆ, ಅದರ ಮೇಲೆ ನೀರಿನ ತೆಳು ಪದರ. ಫಿಲ್ಟರಿಲ್ಲದ ಚಿತ್ರದಲ್ಲಿ ಎಲೆಯ ಅರ್ಧಭಾಗ ತಿಳಿ ಬೂದು, ನರಗಳು ಕಾಣವು, ಬಂಡೆ ಸ್ಟೀಲ್ ಪಾತ್ರೆಯಂತೆ ಮಿರುಗುತ್ತದೆ. ಫಿಲ್ಟರಿನ ಮುಂದಿನ ರಿಂಗ್ ತಿರುಗಿಸುತ್ತ ಹೋದಂತೆ ಮೊದಲು ಬಂಡೆಯ ಮಿರುಗು ಕಪ್ಪಾಗಿ ಇಳಿಯುತ್ತದೆ, ಬಳಿಕ ಎಲೆಯ ನಡುನರದಿಂದ ಅಂಚಿನ ಕಡೆಗೆ ಕೆಂಪು ಹರಡುತ್ತದೆ, ಎಲೆಯ ತುದಿಯ ಕಪ್ಪು ಕಲೆಗಳೂ ಹುಳು ತಿಂದ ತೂತುಗಳೂ ಎದ್ದು ಕಾಣುತ್ತವೆ. ಕೊನೆಗೆ ಬಂಡೆಯ ಸುತ್ತಲಿನ ನೀರು ಗಾಜಿನಂತಾಗಿ ತಳದ ಕಲ್ಲುಗಳು, ಮುಳುಗಿದ ಎಲೆಗಳು ತೆರೆದುಕೊಳ್ಳುತ್ತವೆ.

ಇಷ್ಟಾದ ಮೇಲೆ ಬಹುತೇಕರು ಅಲ್ಲಿಗೇ ನಿಲ್ಲಿಸಿ ಕ್ಲಿಕ್ ಮಾಡುತ್ತಾರೆ. ಪೀಕ್ ಮುಗಿದ ಕಾಡಿನಲ್ಲಿ ಅದು ಮುಕ್ಕಾಲು ಪಾಲು ತಪ್ಪು. ಹೊಳೆಯ ಆಚೆ ದಡದ ಬೀಚ್ ಮರಕ್ಕೆ ಬಿಸಿಲು ಬಿದ್ದಿದ್ದರೆ ಆ ಚಿನ್ನದ ಬಣ್ಣ ನೀರಿನ ಮೇಲೆ ಬೀಳುವುದು ಪ್ರತಿಫಲನವಾಗಿ. ಮರದಲ್ಲಿ ಬಣ್ಣ ಅಷ್ಟಕ್ಕಷ್ಟೇ ಉಳಿದಿರುವಾಗ ನೀರಿನಲ್ಲಿ ಸಿಗುವ ಆ ಎರಡನೇ ಪಾಲು ಬಹಳ ದೊಡ್ಡದು. ಪೋಲರೈಸರನ್ನು ತುದಿವರೆಗೆ ತಿರುಗಿಸಿದರೆ ಹೊಳಪಿನ ಜೊತೆಗೆ ಆ ಚಿನ್ನವೂ ಹೋಗುತ್ತದೆ, ಉಳಿಯುವುದು ಕಪ್ಪು ನೀರು. ಒದ್ದೆ ಬಂಡೆಯಿಂದ ಹೊಳಪು ಪೂರ್ತಿ ತೆಗೆದರೂ ಅದು ಒದ್ದೆ ಎಂದೇ ತಿಳಿಯದೆ ಡಾಂಬರಿನ ಹೆಂಟೆಯಂತೆ ಕಾಣುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ: ಹೊಳಪು ಪೂರ್ತಿ ಸಾಯುವ ಜಾಗವನ್ನು ಮೊದಲು ಹುಡುಕಿ, ಅಲ್ಲಿಂದ ರಿಂಗನ್ನು ಇನ್ನೂ 30 ಡಿಗ್ರಿ ಮುಂದಕ್ಕೆ ತಿರುಗಿಸಿ. ಪ್ರತಿಫಲನದ ಕಾಲುಭಾಗ ವಾಪಸು ಬರುತ್ತದೆ. 45 ಡಿಗ್ರಿಗೆ ಅರ್ಧ ಬರುತ್ತದೆ. ಎಲೆಯ ನರದ ಮೇಲೆ ಸಣ್ಣ ಮಿಂಚೊಂದು ಮರಳಿ ಕಂಡ ತಕ್ಷಣ ನಿಲ್ಲಿಸುವುದು ಒಳ್ಳೆಯ ಅಂದಾಜು. ಹಿಂದಕ್ಕೆ ತಿರುಗಿಸಿದರೂ ಫಲ ಒಂದೇ, ಆದರೂ ಮುಂದಕ್ಕೇ ಎನ್ನುವುದಕ್ಕೆ ಕಾರಣವಿದೆ. ಫಿಲ್ಟರ್ ಲೆನ್ಸಿಗೆ ತಿರುಪಿನಿಂದ ಕೂತಿರುತ್ತದೆ. ಬಿಗಿಯಾಗುವ ದಿಕ್ಕಿನಲ್ಲೇ, ಅಂದರೆ ಕ್ಯಾಮೆರಾ ಹಿಂದೆ ನಿಂತವರಿಗೆ ಅಪ್ರದಕ್ಷಿಣವಾಗಿ ತಿರುಗಿಸುತ್ತಿದ್ದರೆ ಅದು ಸಡಿಲವಾಗದು. ಉಲ್ಟಾ ತಿರುಗಿಸುತ್ತ ಕೂತರೆ ಒಂದಲ್ಲ ಒಂದು ಸಲ ಇಡೀ ಫಿಲ್ಟರ್ ಕಳಚಿ ಹೊಳೆಗೆ ಬೀಳುತ್ತದೆ. ಹೇಗೂ 180 ಡಿಗ್ರಿಗೊಮ್ಮೆ ಪರಿಣಾಮ ಮರುಕಳಿಸುವುದರಿಂದ ಹಿಂದೆ ಬರುವ ಜರೂರೇ ಇಲ್ಲ.

ಹೀಗೆ ಅರ್ಧಕ್ಕೆ ನಿಲ್ಲಿಸುವ ಕೆಲಸದಲ್ಲೇ ಈ ಫಿಲ್ಟರಿನ ಚೌಕಟ್ಟಿನ ಬೆಲೆ ಗೊತ್ತಾಗುವುದು. ರಿಂಗ್ ಸರಾಗವಾಗಿ ತಿರುಗುತ್ತದೆ, ಬಿಟ್ಟ ಜಾಗದಲ್ಲಿ ನಿಲ್ಲುತ್ತದೆ. ಅಗ್ಗದ ಫಿಲ್ಟರುಗಳಲ್ಲಿ ಎರಡು ಬಗೆಯ ಕಾಟ: ಒಂದೋ ರಿಂಗ್ ಸಡಿಲವಾಗಿದ್ದು ಫೋಕಸ್ ಮಾಡುವಾಗ ಕೈ ತಾಕಿದರೂ ಸರಿದುಬಿಡುತ್ತದೆ, ಇಲ್ಲವೇ ಮರಳಿನ ಕಣ ಸೇರಿ ಕರಕರ ಎಂದು ಹಿಡಿದು ಹಿಡಿದು ತಿರುಗುತ್ತದೆ. ಕಾಲಿಗೆ ಮೊಣಕಾಲುದ್ದ ರಬ್ಬರ್ ಬೂಟು, ಕೈಗೆ ತೆಳು ಉಣ್ಣೆಯ ಗ್ಲೌಸ್ ಹಾಕಿ ನಿಂತಾಗ ಮಾಸ್ಟರ್ ಸರಣಿಯ ಗೀರುಗೀರಾದ ಅಂಚು ಬೆರಳಿಗೆ ಸಿಗುತ್ತದೆ. ನಯವಾದ ತೆಳು ಅಂಚಿನವು ಜಾರುತ್ತವೆ. ರಿಂಗಿನ ಮೇಲೆ ವೈಟ್ನರಿನ ಒಂದು ಚುಕ್ಕೆ ಇಟ್ಟುಕೊಂಡರೆ 30 ಡಿಗ್ರಿಯನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಐದು ನಿಮಿಷದ ಅಂತರ ಎಂದು, ಕಣ್ಣಳತೆಯಲ್ಲೇ ಹಿಡಿಯಬಹುದು.

ಟ್ರೈಪಾಡಿನ ಎತ್ತರವೂ ಫಿಲ್ಟರಿನಷ್ಟೇ ಕೆಲಸ ಮಾಡುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ನೀರಿನ ಪ್ರತಿಫಲನ ಅತಿ ಹೆಚ್ಚು ಪೋಲರೈಸ್ ಆಗುವುದು ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ. ಲೆನ್ಸ್ 1.2 ಮೀಟರ್ ಎತ್ತರದಲ್ಲಿದ್ದರೆ ಅದು ಹೆಚ್ಚುಕಡಿಮೆ 1.6 ಮೀಟರ್ ಮುಂದಿನ ನೀರು. ನೇರ ಕೆಳಗೆ ನೋಡಿದರೆ ಎಷ್ಟು ತಿರುಗಿಸಿದರೂ ಹೊಳಪು ಹೋಗುವುದಿಲ್ಲ, ತೀರಾ ದೂರಕ್ಕೆ ನೀರನ್ನು ಸವರಿದಂತೆ ನೋಡಿದರೂ ಅಷ್ಟೆ. ನೆಲದ ಎಲೆಹಾಸನ್ನು ತೆಗೆಯುವಾಗ ಕ್ಯಾಮೆರಾ ಪೂರ್ತಿ ಕೆಳಮುಖ ಮಾಡಿ ‘ಫಿಲ್ಟರ್ ಕೆಲಸ ಮಾಡ್ತಿಲ್ಲ’ ಎಂದು ದೂರುವವರಿಗೆ ಉತ್ತರ ಇದು. ಟ್ರೈಪಾಡ್ ಎರಡು ಹೆಜ್ಜೆ ಹಿಂದಿಟ್ಟು ಓರೆ ಮಾಡಿ.

ಬಣ್ಣದ ಶುದ್ಧತೆಯಲ್ಲಿ ಈ ಫಿಲ್ಟರಿಗೆ ಹೆಚ್ಚು ಅಂಕ. ಕೆಲವು ಪೋಲರೈಸರುಗಳು ಚಿತ್ರಕ್ಕೆ ತುಸು ಹಳದಿಯನ್ನೋ ಹಸಿರನ್ನೋ ಬಳಿಯುತ್ತವೆ. ಪೀಕ್ ವಾರದ ಕಡುಗೆಂಪಿನ ಮುಂದೆ ಅದು ಗೊತ್ತೇ ಆಗುವುದಿಲ್ಲ. ತಾಮ್ರದ ಬೀಚ್, ಕಂದು ಓಕ್, ಬೂದು ಕಾಂಡ ಇವಿಷ್ಟೇ ಇರುವ ಚಿತ್ರದಲ್ಲಿ ಮಾತ್ರ ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಪರೀಕ್ಷೆ ಸುಲಭ: ಬಿಳಿ ಕಾಗದವನ್ನು ಮೋಡದ ಬೆಳಕಿನಲ್ಲಿಟ್ಟು, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಬರಲು ಕ್ಯಾಮೆರಾ ಮಾಡುವ ಬಣ್ಣ ಹೊಂದಾಣಿಕೆ) 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಫಿಲ್ಟರ್ ಇಟ್ಟೊಂದು ತೆಗೆದೊಂದು ಚಿತ್ರ ಹೊಡೆದು ಪಕ್ಕಪಕ್ಕ ಹೋಲಿಸಿ. ಕಾಡಿನಲ್ಲಿ ಆಟೋ ವೈಟ್ ಬ್ಯಾಲೆನ್ಸ್ ಬೇಡವೇ ಬೇಡ. ಚೌಕಟ್ಟಿನ ತುಂಬ ಕಂದು ಕಂಡರೆ ಅದು ನೀಲಿ ಸೇರಿಸಿ ‘ಸರಿಪಡಿಸುತ್ತದೆ’. ಮೋಡವಿದ್ದಾಗ 6000ದಿಂದ 6500 ಚೆನ್ನಾಗಿ ಹೊಂದುತ್ತದೆ. ಹೊಳಪು ಹೋಗಿ ಬಣ್ಣ ಗಾಢವಾದಾಗ ಕೆಂಪು ಚಾನೆಲ್ ಒಂದೇ ಮೊದಲು ತುಂಬಿ ಹರಿಯುತ್ತದೆ, ಒಟ್ಟು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಮಾತ್ರ ಸರಿಯಾಗಿಯೇ ತೋರುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ಹಾಕಿಕೊಂಡು, ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಬೆಳಕು ಕಡಿಮೆ ಕೊಡಿ.

ಇನ್ನು, ಇದರ ಕೈಲಿ ಆಗದ್ದು. ಬೋಳು ಕೊಂಬೆಗಳ ಸಂದಿಯಲ್ಲಿ ಇಣುಕುವ ಬಿಳಿ ಆಕಾಶವನ್ನು ಯಾವ ಪೋಲರೈಸರೂ ತೆಗೆಯದು. ಅದಕ್ಕೆ ಮದ್ದು 70–200 ಲೆನ್ಸ್. ಆಕಾಶವನ್ನು ಚೌಕಟ್ಟಿನ ಹೊರಗಿಟ್ಟು, ಉಳಿದಿರುವ ಬೀಚ್ ಕೊಂಬೆಯನ್ನು ಹಿಂದಿನ ಹೆಮ್ಲಾಕ್ ಅಥವಾ ಸ್ಪ್ರೂಸ್ ಮರಗಳ ಕಡುಹಸಿರಿನ ಮೇಲೆ ಕೂರಿಸಬೇಕು. ಬಿಸಿಲಿಗೆ ಎದುರಾಗಿ ನಿಂತು ಎಲೆಯ ಮೂಲಕ ಬರುವ ಬೆಳಕನ್ನು ಹಿಡಿಯುವಾಗ ಫಿಲ್ಟರ್ ದಂಡ; ತೂರಿ ಬರುವ ಬೆಳಕಿನಲ್ಲಿ ಕತ್ತರಿಸಲು ಹೊಳಪೇ ಇರುವುದಿಲ್ಲ, ಮೇಲಿಂದ ಫ್ಲೇರ್ (ಗಾಜಿನಲ್ಲಿ ಚದುರಿ ಬೀಳುವ ಬೆಳಕಿನ ಕಲೆ) ಬೇರೆ. ದಟ್ಟ ಮಂಜಿನಲ್ಲೂ ಬಿಚ್ಚಿಡಿ, ಒಂದು ಸ್ಟಾಪ್ ಉಳಿಯುತ್ತದೆ. 24 ಎಂಎಂಗಿಂತ ಅಗಲದ ಲೆನ್ಸಿನಲ್ಲಿ ನೀಲಿ ಆಕಾಶ ಬಂದರೆ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವ.

ಬಳಕೆಯಲ್ಲಿ ಕೈಕೊಡುವ ಜಾಗಗಳು ಕೆಲವಿವೆ. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಫಿಲ್ಟರೂ 90 ಡಿಗ್ರಿ ತಿರುಗಿರುತ್ತದೆ, ಕತ್ತರಿಸಿದ್ದ ಹೊಳಪೆಲ್ಲ ವಾಪಸು, ಮತ್ತೆ ಹೊಂದಿಸಿಕೊಳ್ಳಬೇಕು. ಹತ್ತಿರದ ಎಲೆಯಿಂದ ದೂರದ ಮರದವರೆಗೆ ಎಲ್ಲ ಚುರುಕಾಗಿ ಬರಲೆಂದು ಎಫ್/8ರಲ್ಲಿ ನಾಲ್ಕೈದು ಚಿತ್ರ ತೆಗೆದು ಜೋಡಿಸುವವರು ನಡುವೆ ರಿಂಗ್ ಮುಟ್ಟಬಾರದು. ಪನೋರಮಾಕ್ಕೆ ಅಡ್ಡಡ್ಡ ಸರಿಯುವಾಗ ಕೋನ ಬದಲಾಗುತ್ತ ಹೋಗುವುದರಿಂದ ನೀರು ಒಂದು ಚಿತ್ರದಲ್ಲಿ ಕಪ್ಪು, ಪಕ್ಕದ್ದರಲ್ಲಿ ಬೆಳ್ಳಿ. ಅದಕ್ಕೆ ಫಿಲ್ಟರ್ ಬೇಡ. ಲೆನ್ಸ್ ಹುಡ್ ಹಾಕಿದರೆ ರಿಂಗ್ ಕೈಗೆ ಸಿಗದು. ತುಂತುರು ಬೀಳುವಾಗ ಹುಡ್ ಬಿಡಲೂ ಆಗದು. ಕೆಲವು ಟೆಲಿ ಲೆನ್ಸುಗಳ ಹುಡ್‌ನಲ್ಲಿ ಇದಕ್ಕೆಂದೇ ಕಿಂಡಿ ಇರುತ್ತದೆ, ಇಲ್ಲದಿದ್ದರೆ ಹಗುರ ಕೊಡೆಯೇ ಗತಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸ್ಕ್ರೀನ್ ನೋಡುತ್ತ ಫಿಲ್ಟರ್ ಹೊಂದಿಸುವುದಂತೂ ಬೇಡ, ಕಾಣುವುದಕ್ಕೂ ಬರುವ ಚಿತ್ರಕ್ಕೂ ಸಂಬಂಧವಿರದು.

ಹಿತ್ತಾಳೆ ಚೌಕಟ್ಟು ಅಲ್ಯೂಮಿನಿಯಂಗಿಂತ ತೂಕ, ಆದರೆ ಲೆನ್ಸಿನ ತಿರುಪಿಗೆ ಕಚ್ಚಿಕೊಳ್ಳುವುದು ಕಡಿಮೆ. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಸೇರಿ ಚಳಿಯಲ್ಲಿ ಹಿಡಿದುಕೊಂಡ ಫಿಲ್ಟರನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಸುಕಿದರೆ ಚೌಕಟ್ಟು ಮೊಟ್ಟೆಯಾಕಾರವಾಗಿ ಇನ್ನೂ ಗಟ್ಟಿಯಾಗುತ್ತದೆ. ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ, ಅಂಗೈಯಿಡೀ ಒತ್ತಿ ತಿರುಗಿಸಿದರೆ ಬರುತ್ತದೆ. ಲೇಪನದ ಮೇಲೆ ಜಲಪಾತದ ಹನಿ ಮಣಿಗಟ್ಟಿ ಜಾರುತ್ತದೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒಂದು ಸಲ ಒತ್ತಿದರೆ ಸಾಕು. ಚಳಿಯಿಂದ ಬೆಚ್ಚಗಿನ ಕಾರಿನೊಳಗೆ ಬರುವ ಮೊದಲು ಕ್ಯಾಮೆರಾ ಬ್ಯಾಗಿನ ಜಿಪ್ ಮುಚ್ಚಿಡಿ, ಇಲ್ಲವಾದರೆ ಫಿಲ್ಟರಿಗೂ ಲೆನ್ಸಿಗೂ ನಡುವೆ ಬೆವರು ಕೂತು ಅರ್ಧ ಗಂಟೆ ಹಾಳು.

ಕಾಂಕಮಾಗಸ್ ರಸ್ತೆಯಲ್ಲೇ ಇದನ್ನು ಪರೀಕ್ಷಿಸುವವರಿಗೆ ಎರಡು ಮಾತು. ಲಿಂಕನ್ನಿಂದ ಕಾನ್ವೇವರೆಗೆ 34.5 ಮೈಲಿ, ನಡುವೆ ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ ನಂಬುವಂತಿಲ್ಲ. 2855 ಅಡಿ ಎತ್ತರದ ಪಾಸ್ (ರಸ್ತೆ ಬೆಟ್ಟ ದಾಟುವ ನೆತ್ತಿ) ಬಳಿ ಬಣ್ಣ ಮೊದಲು ಮುಗಿಯುತ್ತದೆ, ಕಾನ್ವೇ ಕಡೆಯ ತಗ್ಗಿನಲ್ಲಿ ಕೊನೆಗೆ. ಹಾಗಾಗಿ ತಡವಾಗಿ ಹೋದವರು ಪಾಸ್‌ನಲ್ಲಿ ಹೊತ್ತು ಕಳೆಯದೆ ಪೂರ್ವಕ್ಕೆ ಇಳಿಯಬೇಕು. ಸ್ಯಾಬಡೇ ಫಾಲ್ಸ್‌ನ ಕಿರಿದಾದ ಕೊರಕಲಿನಲ್ಲಿ ಬಂಡೆಯೆಲ್ಲ ಸದಾ ಒದ್ದೆ. ಪೋಲರೈಸರ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ಅತಿ ಹೆಚ್ಚು ವ್ಯತ್ಯಾಸ ಕಾಣುವುದು ಅಲ್ಲಿ. ಲೋಯರ್ ಫಾಲ್ಸ್, ರಾಕಿ ಗಾರ್ಜ್‌ಗಳಲ್ಲಿ ಎಲೆ ಸುಳಿಗೆ ಸೇರುವ ಗುಂಡಿಗಳಿವೆ. 1858ರ, ಚಾವಣಿ ಹೊದ್ದ ಆಲ್ಬನಿ ಸೇತುವೆಯ ಹತ್ತಿರ ಅರ್ಧ ತಿರುಗಿಸುವ ಕ್ರಮವೇ ಸರಿ. ಪೂರ್ತಿ ತಿರುಗಿಸಿದರೆ ನೀರಿನಲ್ಲಿನ ಸೇತುವೆಯ ಬಿಂಬವೂ ಮಾಯ. ಮಳೆ ನಿಂತ ಒಂದೆರಡು ಗಂಟೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು.

ಊರಿಗೆ ಒಯ್ದರೂ ಇದು ಪೆಟ್ಟಿಗೆಯಲ್ಲಿ ಕೂರುವ ವಸ್ತುವಲ್ಲ. ಆಗುಂಬೆ, ಕುದುರೆಮುಖದ ಮಳೆಗಾಲದ ಹಸಿರಿನ ಮೇಲೂ ಇದೇ ಬಿಳಿ ಹೊಳಪು, ಮೇಪಲ್ ಎಲೆಗಿಂತ ನುಣುಪಾದ ಎಲೆಯ ಮೇಲಂತೂ ಇನ್ನೂ ಜಾಸ್ತಿ. ಅಂಚು ಸೀಲ್ ಆಗಿರುವ ಕೇಸಮನ್ ಬೆಲೆ ನಿಜವಾಗಿ ವಸೂಲಾಗುವುದು ಅಂಥ ತೇವದಲ್ಲೇ.

ಟ್ರೈಪಾಡ್ ಒಯ್ಯುವವರು, ಹೊಳೆ ಮತ್ತು ನೆಲದ ಚಿತ್ರ ತೆಗೆಯುವವರು ಕಣ್ಣುಮುಚ್ಚಿ ಕೊಳ್ಳಬಹುದು. ಮಧ್ಯಾಹ್ನ ಹೋಗಿ ಮನೆಮಂದಿಯ ಜೊತೆ ಕೈಯಲ್ಲೇ ಹಿಡಿದು ಫೋಟೋ ಹೊಡೆಯುವವರಿಗೆ ಅಗ್ಗದ್ದೇ ಸಾಕು, ಅಥವಾ ಯಾವುದೂ ಬೇಡ. ಮ್ಯಾಗ್ನೆಟ್ ಮೂಲಕ ಅಂಟುವ ಫಿಲ್ಟರುಗಳು ಹಾಕಿ ತೆಗೆಯಲು ಬಹಳ ಸಲೀಸು, ಆದರೆ ಪೊದೆಯೊಳಗೆ ನುಗ್ಗುವಾಗ ಕೊಂಬೆ ತಾಗಿ ಬಿದ್ದುಹೋಗುವ ಭಯ ಇದ್ದೇ ಇದೆ. ಗಾತ್ರ ಆಯ್ಕೆ ಮಾಡುವಾಗ ನಿಮ್ಮ ಲೆನ್ಸುಗಳಲ್ಲಿ ಮುಂದಿನ ತಿರುಪಿನ ವ್ಯಾಸ ಅತಿ ದೊಡ್ಡದಿರುವುದಕ್ಕೆ ಒಂದೇ ಫಿಲ್ಟರ್ ಕೊಂಡು, ಉಳಿದವಕ್ಕೆ 67ರಿಂದ 77 ಎಂಎಂ, 72ರಿಂದ 77 ಎಂಎಂ ಹೀಗೆ ಗಾತ್ರ ಹೊಂದಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ. ಅದೂ ಹಿತ್ತಾಳೆಯದೇ ಇರಲಿ. ರಿಂಗ್ ಹಾಕಿದ ಲೆನ್ಸಿಗೆ ಅದರ ಹುಡ್ ಕೂರುವುದಿಲ್ಲ ಎಂಬುದು ನೆನಪಿರಲಿ.

ಪಾರ್ಸೆಲ್ ಬಂದ ದಿನವೇ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಫಿಲ್ಟರಿನ ಹೊರಮೈ ಪರದೆಯ ಕಡೆಗಿರುವಂತೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಗಾಜು ಅಂಚಿನಿಂದ ಅಂಚಿಗೆ ಒಂದೇ ಸಮ ಕಪ್ಪಾಗಬೇಕು. ಮಧ್ಯೆ ತೇಪೆಯೋ, ಅಂಚಿನಲ್ಲಿ ತಿಳಿ ಕಲೆಯೋ ಕಂಡರೆ ಹಾಳೆಯಲ್ಲಿ ದೋಷವಿದೆ. ಆಮೇಲೆ ತಿರುಪಿನ ಕಡೆಯನ್ನು ಪರದೆಗೆ ಮಾಡಿ ತಿರುಗಿಸಿದರೆ ಕಪ್ಪಾಗಬಾರದು, ಬಣ್ಣ ತುಸು ಹಳದಿಗೋ ನೀಲಿಗೋ ವಾಲಬೇಕಷ್ಟೆ. ಎರಡೂ ಕಡೆ ಕಪ್ಪಾದರೆ ಅದು ಸರ್ಕ್ಯುಲರ್ ಅಲ್ಲ, ಬರೀ ಲೀನಿಯರ್. ಅಂಥದನ್ನು ಹಾಕಿದರೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನ ಮೀಟರು, ಆಟೋಫೋಕಸ್ ಎರಡೂ ತಪ್ಪುತ್ತವೆ. ವಾಪಸಾತಿಯ ಅವಧಿ ಮುಗಿಯುವ ಮೊದಲೇ ಹಿಂತಿರುಗಿಸಿ.